ಬೋರ್ಬಾಲಾಳ ಉಗ್ರಾಣ

ಏಪ್ರಿಕಾಟ್ ಜಾಮಿನ ಸೀಸೆಗಳ ಹಿಂದೆ,
ಒಣಮೆಣಸಿನ ಸರ ತೂಗುವ ಗೋಡೆಗೆ ಒತ್ತಿಕೊಂಡು
ಗೊರಗೊರ ಉಸಿರಾಡುತ್ತದೆ ಒಂದು ಹಳೇ ಕಂಪ್ಯೂಟರು.
ಹಂಗೇರಿಯ ಬಯಲಿನ ಹದಿನೇಳು ಬೇಸಗೆಯ ಆಕಾಶ
ಅದರ ಹೊಟ್ಟೆಯಲ್ಲಿದೆ.

ಬೋರ್ಬಾಲಾಗೆ ಹಾರಲು ಬರುವುದಿಲ್ಲ.
ಭೂಮಾಪನ ಕಚೇರಿಯಲ್ಲಿ ಹೊಲ ಅಳೆದು ಸವೆದ ಕಾಲು,
ಏಣಿಯ ಮೂರನೇ ಮೆಟ್ಟಿಲಿಗೇ ತಲೆಸುತ್ತು.
ಆದರೂ ಗ್ಲೈಡರು ಇಳಿಸಿದವರೆಲ್ಲ
ಸಂಜೆ ಬರುವುದು ಅವಳಲ್ಲಿಗೇ,
ಎಂಜಿನ್ನಿಲ್ಲದ ರೆಕ್ಕೆ ಬರೆದ ಒಣ ಅಂಕಿಗಳ ಕಡತ ಹಿಡಿದು:
ಗಂಟೆ, ಅಕ್ಷಾಂಶ, ರೇಖಾಂಶ, ಎತ್ತರ,
ನಾಲ್ಕು ಸೆಕೆಂಡಿಗೊಂದು ಸಾಲು.

ಅಂಕಿಯನ್ನು ಗೆರೆ ಮಾಡುವುದಷ್ಟೇ ಅವಳು ಬರೆದಿಟ್ಟ ವಿದ್ಯೆ.
ಗೆರೆ ನೆಟ್ಟಗಿದ್ದರೆ ಎತ್ತರದ ಖರ್ಚು,
ಸುರುಳಿ ಸುತ್ತಿದರೆ ಬಿಸಿಗಾಳಿಯ ಸಂಪಾದನೆ.
ಯಾರು ಬೇಕಾದರೂ ತೆರೆದು ನೋಡಬಹುದು.
ಹೆಸರು ಕೇಳುವುದಿಲ್ಲ, ಕಾಸು ಕೇಳುವುದಿಲ್ಲ.
ಪುಕ್ಕಟೆ ಎಂಬ ಮಾತಿನಲ್ಲಿ ಪುಕ್ಕವಿದೆ, ಸರಿ;
ಕರೆಂಟಿನ ಬಿಲ್ಲಿಗೆ ಪುಕ್ಕವಿಲ್ಲ,
ಅದು ನಡೆದೇ ಬರುತ್ತದೆ ಮನೆಬಾಗಿಲಿಗೆ.

ಈ ಮಾರ್ಚಿನಲ್ಲಿ ನಕಾಶೆ ಕೊಡುವ ಕಂಪನಿಯ ಪತ್ರ:
ಇನ್ನು ನೋಡಿದಷ್ಟಕ್ಕೂ ದುಡ್ಡು.
"ಜೂನ್ ತನಕ," ಎಂದಳು, "ಆಮೇಲೆ ಈ ಕಪಾಟು ಉಪ್ಪಿನಕಾಯಿಗೆ."
ಯಾರೂ ನಗಲಿಲ್ಲ.
ವಿಂಚಿನ ಹಗ್ಗ ಸುತ್ತುವ ಗೆಲ್ಲೇರ್ತ್ ಟೋಪಿ ತಿರುಗಿಸಿದ.
ಬಂದದ್ದು ಅರ್ಧ ತಿಂಗಳಿಗಾಗುವಷ್ಟು,
ಮತ್ತೊಂದು ಅಂಗಿಗುಂಡಿ.

ಮೇ ತಿಂಗಳ ಒಂದು ಭಾನುವಾರ ಹತ್ತೊಂಬತ್ತರ ವಿರಾಗ್
ಗಾಳಿ ಸತ್ತು, ಬಾರ್ಲಿಯ ನಡುವೆ ಇಳಿದಳು.
ಹೊಲದ ಒಡೆಯ ಡೆಜೋ ಟ್ರಾಕ್ಟರಿನಲ್ಲಿ ಬಂದ,
ಎಷ್ಟು ತುಳಿದಿರಿ, ಲೆಕ್ಕ ಕೊಡಿ ಎಂದು.
ಬೋರ್ಬಾಲಾ ಅವನನ್ನು ಉಗ್ರಾಣದ ಸ್ಟೂಲಿನ ಮೇಲೆ ಕೂರಿಸಿ
ಲೆಕ್ಕವನ್ನೇ ತೆರೆದಳು.

ಗೆರೆ ಪಡುವಣದಿಂದ ಸೋತು ಸೋತು ಬಂತು,
ಮುನ್ನೂರು ಮೀಟರಿಗೆ ಕುಸಿಯಿತು,
ಅಲ್ಲೆಲ್ಲೋ ಏನೋ ಸಿಕ್ಕಂತೆ ಸುತ್ತತೊಡಗಿತು,
ಹನ್ನೊಂದು ಸುತ್ತು, ಸಾವಿರದ ನಾನೂರು.
"ಅದೆಲ್ಲಿ?"
"ಕಾಲುವೆಯಾಚೆ. ಉತ್ತ ಕರಿನೆಲ."
ಡೆಜೋ ಕನ್ನಡಕ ಒರೆಸಿದ.
"ಅದು ನಂದು. ಶುಕ್ರವಾರ ಉತ್ತದ್ದು."
ಮೂಗು ಪರದೆಗೆ ತಾಗುವಷ್ಟು ಬಗ್ಗಿ
ಬೆರಳಲ್ಲಿ ಸುರುಳಿ ಹತ್ತಿದ, ಬುಡದಿಂದ ತುದಿಯವರೆಗೆ.
"ಇಷ್ಟೆತ್ತರಕ್ಕೂ ಕಂದಾಯ ಕಟ್ಟಬೇಕೇನು ಇನ್ನು?"

ಬಾರ್ಲಿಯ ದುಡ್ಡು ಬಿಡಲಿಲ್ಲ ಮಾತ್ರ.
ಎರಡು ಸಲ ಎಣಿಸಿ ಜೇಬಿಗಿಟ್ಟ.

ನಕಾಶೆ ನಿಂತುಹೋಯಿತು, ಹೇಳಿದ ದಿನಕ್ಕೇ.
ಗೆರೆಗಳು ಈಗ ಬರಿಯ ಬಿಳಿಯ ಮೇಲೆ.
ಶನಿವಾರ ಶನಿವಾರ ಡೆಜೋ ಬರುತ್ತಾನೆ,
ತನ್ನ ನೆಲದ ಮೇಲೆ ಯಾರು ಸುತ್ತಿದರು ನೋಡಲು;
ಬಂದವನು ಸ್ಟೂಲಿನಿಂದಲೇ ಹೇಳುತ್ತಾನೆ:
ಇಲ್ಲಿ ಪಾಪ್ಲಾರ್ ಸಾಲು, ಇಲ್ಲಿ ತೀಸಾ ನದಿಯ ಹಳೇ ಪಾತ್ರ,
ಇದು ತಮ್ಮನ ಪಾಲು, ಈ ಮೂಲೆಗೆ ವ್ಯಾಜ್ಯವಿದೆ.
ಅವಳು ಸೀಸದ ಕಡ್ಡಿ ನೆಕ್ಕಿ ಮೊದಲು ಕಾಗದಕ್ಕೆ,
ಆಮೇಲೆ ಪರದೆಗೆ ಗೀಚುತ್ತಾಳೆ.
ಆರು ಹೊಲ ಆಗಿವೆ. ನದಿ ಇನ್ನೂ ಅರ್ಧ.

ಜುಲೈ ಹತ್ತು.
ಉಪ್ಪಿನಕಾಯಿ ಸೀಸೆಗಳು ನೆಲದ ಮೇಲೇ ಇವೆ,
ದಾಟಿಕೊಂಡು ಒಳಗೆ ಹೋಗಬೇಕು.