ಎಂಟು ಸೆಕೆಂಡು

ಕುತೈಸಿಯ ಮಾರುಕಟ್ಟೆ ಮುಂದೆ, ನಾಲ್ಕು ದಾರಿ ಕೂಡುವಲ್ಲಿ
ಹಸಿರು ಮನುಷ್ಯ ಹತ್ತೊಂಬತ್ತು ಎಣಿಸಿ ಆರಿಹೋಗುತ್ತಾನೆ.
ನಗರಸಭೆಯ ಕಡತದಲ್ಲಿ ಅಷ್ಟು ಸಾಕು:
ಅಲ್ಲಿ ನಡೆಯುವವರಿಗೆಲ್ಲ ಮೂವತ್ತು ವರ್ಷ,
ಯಾರ ಕೈಯಲ್ಲೂ ಚೀಲವಿಲ್ಲ.

ಸ್ಟಾಪ್‌ವಾಚ್ ಹಿಡಿದು ತ್ಸಿಯೂರಿಯ ಪಕ್ಕ ನಡೆದೆ.
ಐದು ಕಿಲೋ ಅಕ್ರೋಟು, ಮಾತು ಕೇಳದ ಒಂದು ಮಂಡಿ.
ಹದಿನಾಲ್ಕಕ್ಕೆ ಬಿಳಿಪಟ್ಟೆಯ ಅರ್ಧ.
ಇಪ್ಪತ್ತಕ್ಕೆ ಮಿನಿಬಸ್ಸೊಂದು ಗುರ್ರೆಂದು ಮೂಗು ತೂರಿಸಿತು;
ಹಾಯಲು ಬಂದ ಹೋರಿಗೆ ಇಡುವಂತೆ
ಅದರ ಮೂತಿಗೆ ಅಂಗೈಯಿಟ್ಟಳು.
ಇಪ್ಪತ್ತೇಳು. ದಡ.

"ಬರಕೊಂಡೆಯಾ?" ಅಂದಳು, ಉಸಿರು ಸಿಕ್ಕ ಮೇಲೆ.
"ಗುಲಿಕೋ ಇಲ್ಲಿಗೆ ಮುಟ್ಟಲಿಲ್ಲ. ಅದನ್ನೂ ಬರಕೋ."

ಎಂಟು ಸೆಕೆಂಡಿಗೆ ಹದಿನಾಲ್ಕು ತಿಂಗಳು, ಐದು ರುಜು.
ಸದಸ್ಯನೊಬ್ಬ ಕೇಳಿದ:
"ಒಬ್ಬ ಮುದುಕಿಗೆ ಇಡೀ ಪೇಟೆ ಕಾಯಬೇಕೇ?"
ಹೌದು ಅಂದೆ. ನನ್ನ ದನಿ ನನಗೇ ಸಣ್ಣದೆನಿಸಿತು.

ಇವತ್ತು ನೋಡಲು ಹೋದೆ.
ತ್ಸಿಯೂರಿ ಅರ್ಧದಲ್ಲೇ ನಿಂತುಬಿಟ್ಟಿದ್ದಾಳೆ!
ಚೀಲ ಕೈ ಬದಲಿಸಿ, ಕತ್ತೆತ್ತಿ,
ಇಲ್ಲಿಂದ ಬೆಟ್ಟದ ಹಿಮ ಕಾಣುತ್ತದಲ್ಲ ಎಂದು
ಎದುರು ಬರುವವರಿಗೆಲ್ಲ ತೋರಿಸುತ್ತಿದ್ದಾಳೆ.
ಹಾರನ್ನುಗಳು ಅರಚುತ್ತಿವೆ.
ನಾನು ದಡದಲ್ಲಿ, ಬೆವರುತ್ತ, ಎಣಿಸುತ್ತಿದ್ದೇನೆ.