ಒಳಗಿನ ಅಂಕಿ

ಔಲು ಊರಿನ ಆಸ್ಪತ್ರೆ. ಹೊರಗೆ ಮೈನಸ್ ಇಪ್ಪತ್ತಾರು.
ಮಾಡಿನ ಹಿಮ ಗೋರಲು ಹತ್ತಿದ ತೌನೊ
ಹಿಮದ ಜೊತೆಗೇ ಜಾರಿ ಬಿದ್ದು ನಾಲ್ಕು ದಿನ.

ತಲೆಬುರುಡೆಗೆ ಕೊರೆದ ಕಿಂಡಿಯಿಂದ
ಸಪೂರ ತಂತಿಯೊಂದು ಒಳಗಿಳಿದಿದೆ.
ತಲೆಬಿಸಿ ಅನ್ನುವ ಮಾತಿಗೆ ಇಲ್ಲಿ ಅಂಕಿಯುಂಟು:
ಮೂವತ್ತೆಂಟು ಪಾಯಿಂಟ್ ಏಳು.
ಒತ್ತಡಕ್ಕೆ ಇನ್ನೊಂದು: ಹತ್ತೊಂಬತ್ತು.
ಇಪ್ಪತ್ತೆರಡು ದಾಟಿ ನಿಂತರೆ ನಾನು ಓಡಬೇಕು.

ಹೆಂಡತಿ ಐಲಿ ರೈ ಬ್ರೆಡ್ಡು ಬೇಯಿಸುವವಳು,
ಒಲೆಯ ಬಾಯಿಗೆ ಅಂಗೈ ಹಿಡಿದೇ ಕಾವು ಹೇಳುವವಳು.
ಗಂಡನ ಹಣೆ ಮುಟ್ಟಿದಳು:
"ತಣ್ಣಗಿದ್ದಾನಲ್ಲ, ಸಿಸ್ಟರ್?"
ಹಣೆಗೆ ಗೊತ್ತಿಲ್ಲ, ಎಂದೆ. ಒಳಗೆ ಬೇರೆಯೇ ಇದೆ.
ಆ ಕೈಯನ್ನು ಮಡಿಲಿಗೆ ಎಳೆದುಕೊಂಡಳು,
ಸುಳ್ಳು ಹೇಳಿ ಸಿಕ್ಕಿಬಿದ್ದ ಮಗುವನ್ನು ಎಳೆದುಕೊಂಡಂತೆ.

ಎರಡೂ ಮುಕ್ಕಾಲಿಗೆ ಇಪ್ಪತ್ತನಾಲ್ಕು.
ಹಾಸಿಗೆಯ ತಲೆಭಾಗ ಎತ್ತಿದೆ, ವಾಲಿದ್ದ ಕತ್ತು ನೆಟ್ಟಗೆ ಮಾಡಿದೆ,
ಡಾಕ್ಟರನ್ನು ಕೂಗಿದೆ, ಮಂಪರಿನ ಮದ್ದು ಏರಿತು.
ಎಲುಬಿನ ಮನೆ. ಕದವಿಲ್ಲ. ಊದಿದ್ದು ಎಲ್ಲಿಗೆ ಹೋಗಬೇಕು?
ಭಾರ ಇಳಿಸಲೆಂದೇ ಮಾಡು ಹತ್ತಿದವನು.

ಇಪ್ಪತ್ತಮೂರು.
ಇಪ್ಪತ್ತಮೂರು.
ಇಪ್ಪತ್ತು.
ಐಲಿ ಅಂಕಿ ನೋಡುತ್ತಿರಲಿಲ್ಲ,
ನನ್ನ ಮುಖ ನೋಡುತ್ತಿದ್ದಳು.

ಇಲ್ಲಿ ಬೆಳಕಾಗುವುದು ಹತ್ತರ ಮೇಲೆ.
ನಾಲ್ಕಕ್ಕೆ, ಯಾರಿಗೋ ಎಂಬಂತೆ ಹೇಳಿದಳು:
"ಅವತ್ತು ಹಿಟ್ಟು ನಾದಿಟ್ಟು ಹಾಗೇ ಓಡಿಬಂದೆ.
ಹುಳಿ ಬಂದು ಪಾತ್ರೆ ಮೀರಿ
ನೆಲಕ್ಕೆಲ್ಲ ಹರಿದಿರುತ್ತದೆ, ಅಲ್ಲವೇ?"

ಹದಿನೆಂಟು, ಎಂದೆ ನಾನು.