ದುದ್ದದಲ್ಲಿ ಇಳಿದವನು

ಕಟ್ಟಿನಕೆರೆ ಮಾರುಕಟ್ಟೆ ಹಿಂದೆ, ಆಲೂಗಡ್ಡೆ ಬೀಜದಂಗಡಿಯ ಮೇಲೆ
ನಮ್ಮ ಕ್ಲಬ್ಬು. ಮೆಟ್ಟಿಲೇರುವಾಗಲೇ ಗೋಣಿಯ ವಾಸನೆ.
ನಾಲ್ಕು ಮೇಜು, ಒಂದು ಗಡಿಯಾರ,
ಕಿವಿ ಮುರಿದ ಕುದುರೆ.

ಭಾನುವಾರ. ನನಗೆ ಬಿಳಿ.
ಎದುರಿಗೆ ತಕ್ಕಡಿ ರಿಪೇರಿಯ ಖಲೀಲ್ ಸಾಬರು.
ರಾಜನ ಕಡೆ ಕುದುರೆಯ ಮುಂದಿನ ಕಾಲಾಳನ್ನೆತ್ತಿ
ಎರಡು ಮನೆ ಆಚೆ ಇಟ್ಟೆ,
ಹಿತ್ತಿಲ ಬಾಗಿಲು ತೆಗೆದಿಟ್ಟು ಮಲಗಿದ ಹಾಗೆ.

ಸಾಬರು ಕನ್ನಡಕ ತೆಗೆದರು, ಒರೆಸಿದರು, ಹಾಕಿದರು.
"ಏನ್ ಕಂಡಕ್ಟ್ರೇ, ಕೈ ಜಾರ್ತಾ?"

ಜಾರಿರಲಿಲ್ಲ.
ಇದು ಕೊನೇ ಸೀಟಿನ ಹುಡುಗ ಕಲಿಸಿದ್ದು.
ಅರಸೀಕೆರೆಯಲ್ಲಿ ಹತ್ತಿದ್ದ, ತೊಡೆಯ ಮೇಲೆ ಅಂಗೈಯಗಲದ ಹಲಗೆ,
ಅಯಸ್ಕಾಂತದ ಕಾಯಿಗಳು, ಬಸ್ಸು ಕುಲುಕಿದರೂ ಕದಲವು.
ಚಿಲ್ಲರೆ ಕೊಡಲು ಹೋದವನು ಅಲ್ಲೇ ನಿಂತೆ.
ಆರು ನಡೆ ತೋರಿಸಿದ. ಏಳನೆಯದಕ್ಕೆ ಬೆರಳೆತ್ತಿದ್ದ,
ದುದ್ದ ಬಂತು.
ವಿಷಲ್ ಊದಿದವನು ನಾನೇ.
ಟಿಕೆಟ್ಟಿನ ಹಿಂದೆ ಬರೆದುಕೊಟ್ಟ ಎರಡು ರೂಪಾಯಿ
ಇಸಕೊಳ್ಳದೆ ಇಳಿದುಹೋದ.

ಬಿಟ್ಟಿ ಸಿಕ್ಕಿದ್ದನ್ನು ತೂಗಿ ಮುಟ್ಟುವವರು ಸಾಬರು.
ತೂಗಿದರು. ಒಂಟೆ ತಂದು ಕಾಲಾಳನ್ನು ತಿಂದರು.
ಇನ್ನೊಬ್ಬನನ್ನು ಕೊಟ್ಟೆ. ಅವನನ್ನೂ ತಿಂದರು.
ಅಲ್ಲಿಗೆ ತೆರೆಯಿತು ನೋಡಿ ಓರೆ ದಾರಿ,
ನಡುವೆ ಒಂದು ಸ್ಟಾಪೂ ಇಲ್ಲ:
ನನ್ನ ಒಂಟೆ ಈ ತುದಿಯಿಂದ ಓಡಿ
ಮೂಲೆ ಕಾಯುವವನನ್ನು ಕೆಡವಿ
ಆನೆಯನ್ನೇ ನುಂಗಿತು.

ಪಕ್ಕದ ಮೇಜಿನವರು ಕುರ್ಚಿ ಎಳೆದುಕೊಂಡು ಬಂದರು.

ಸಾಬರ ಮಂತ್ರಿ ಒಂಟೆಯನ್ನು ತೆಗೆದ.
ತೆಗೆದವನು ಅದೇ ಓರೆ ದಾರಿಯ ಆ ತುದಿಯಲ್ಲಿ ನಿಂತು
ನನ್ನ ಆನೆಯನ್ನು ನೋಡತೊಡಗಿದ.
ನಾನು ಹೋದ ದಾರಿ ಬರುವುದಕ್ಕೂ ಆಗುತ್ತದಲ್ಲ.
ಆರನೆಯ ನಡೆ: ಕಾಲಾಳೊಬ್ಬ ಒಂದೇ ಮನೆ ಮುಂದೆ ಬಂದು
ಅಡ್ಡ ನಿಂತ.

ದುದ್ದ.

ಆಮೇಲಿನದ್ದೆಲ್ಲ ನನ್ನದೇ, ಅಂದರೆ ತಪ್ಪುಗಳು.
ಕುದುರೆಯನ್ನು ಸುಮ್ಮನೆ ಕೊಟ್ಟೆ. ಅವರೂ ಒಮ್ಮೆ
ಕಣ್ಣೆದುರಿನ ಚೆಕ್ ಕಾಣದೆ ಬೇರೇನೋ ಆಡಿ
ನಾಲಿಗೆ ಕಚ್ಚಿಕೊಂಡರು. ಕೆಳಗೆ ಯಾರೋ ಮೂಟೆ ಎಣಿಸುತ್ತಿದ್ದ,
ಮೂವತ್ತೆಂಟು, ಮೂವತ್ತೊಂಬತ್ತು,
ಅವನ ಲೆಕ್ಕವೂ ನಮ್ಮ ನಡೆಯೂ ಒಂದೇ ಆದಾಗ
ನಗು ಬಂತು. ನಲವತ್ತೊಂದಕ್ಕೆ ಸೋತೆ.

ಸಾಬರು ಕೈಕುಲುಕಿ ಕಾಯಿಗಳನ್ನು ಮತ್ತೆ ಜೋಡಿಸಿದರು,
ಕಿವಿ ಮುರಿದ ಕುದುರೆಯನ್ನು ತಮ್ಮ ಕಡೆಗೇ ಇಟ್ಟುಕೊಂಡು.
"ಎಲ್ಲಿ, ಮೊದ್ಲಿಂದ ತೋರ್ಸಿ."
ತೋರಿಸಿದೆ. ರಸೀದಿಯ ಹಿಂದೆ ಒಂದೊಂದೇ ಬರೆದುಕೊಂಡರು,
ಆರರವರೆಗೆ.
"ಏಳನೇದು?"

ಬಾಕಿ ಇದೆ ಸಾಬರೇ, ಅಂದೆ.